ಮನೆಯಲ್ಲಿ ಮಾಡಿದ ಹಲ್ಲಿನ ಪೇಸ್ಟು: ಬೆಳಗ್ಗೆಗೆ ಸೈ, ರಾತ್ರಿಗೆ ಸಾಲದು

ನನ್ನ ಡ್ಯೂಟಿ ಬ್ಯಾಗಿನಲ್ಲಿ ಟಿಕೆಟ್ ಮಷಿನ್, ವೇಬಿಲ್ (ಟಿಕೆಟ್ ಲೆಕ್ಕದ ಹಾಳೆ), ಚಿಲ್ಲರೆ ಚೀಲದ ಜೊತೆ ಒಂದು ಸಣ್ಣ ಸ್ಟೀಲ್ ಡಬ್ಬಿ ಇರುತ್ತದೆ. ಅದರಲ್ಲಿ ಇರುವುದು ನಾವು ಮನೆಯಲ್ಲೇ ಮಾಡಿಕೊಂಡ ಹಲ್ಲುಪುಡಿ. ನಾನು ಬಸ್ ಕಂಡಕ್ಟರ್. ಸಂಜೆ ತುಮಕೂರು ಬಿಟ್ಟು, ಕೊರಟಗೆರೆ, ಮಧುಗಿರಿ ದಾಟಿ, ಪಾವಗಡ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ರಾತ್ರಿ ಹಾಲ್ಟ್. ಬಸ್ಸಿನ ಸೀಟಿನ ಮೇಲೇ ನಿದ್ದೆ. ಬೆಳಗ್ಗೆ ಐದಕ್ಕೆ ಎದ್ದು, ಊರಿನ ನೀರಿನ ತೊಟ್ಟಿಯ ನಲ್ಲಿಯ ಹತ್ತಿರ ಹಲ್ಲುಜ್ಜಿ, ಮುಖ ತೊಳೆದು, ಐದೂವರೆಗೆ ಮೊದಲ ಟ್ರಿಪ್ ಹೊರಡಬೇಕು.

ಅಲ್ಲಿ ನನ್ನ ಡಬ್ಬಿ ನೋಡಿದವರು ಕೇಳುತ್ತಾರೆ. ಡಿಪೋದಲ್ಲಿ ಕೇಳುತ್ತಾರೆ. ನೆಂಟರು ಕೇಳುತ್ತಾರೆ. "ಏನಣ್ಣ ಅದು, ಹೇಗೆ ಮಾಡೋದು, ಚೆನ್ನಾಗಿದೆಯಾ?" ಅಂತ. ಮನೆಯ ಪೇಸ್ಟು ಶುರು ಮಾಡಿ ಈ ಡಿಸೆಂಬರಿಗೆ ಒಂದು ವರ್ಷ ಆಯಿತು. ನಾಲ್ಕು ಸಲ ಬೇರೆ ಬೇರೆ ಥರ ಮಾಡಿದ್ದೇವೆ. ಒಂದು ದೊಡ್ಡ ತಪ್ಪನ್ನೂ ಮಾಡಿದ್ದೇವೆ. ಆ ತಪ್ಪು ಬೇರೆಯವರ ಮನೆಯಲ್ಲಿ ಆಗಬಾರದು ಅಂತಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಶುರು ಆಗಿದ್ದು ಬಾಯಿಹುಣ್ಣಿನಿಂದ. ಹೊತ್ತು ಹೊತ್ತಿಗೆ ಊಟ ಇಲ್ಲದ ಕೆಲಸ ನಮ್ಮದು. ತಿಂಗಳಿಗೆ ಎರಡು ಸಲ ತುಟಿಯ ಒಳಗೆ, ನಾಲಿಗೆಯ ಅಂಚಿಗೆ ಹುಣ್ಣು ಏಳುತ್ತಿತ್ತು. "ಯಾರ್ರೀ ಟಿಕೆಟ್, ಟಿಕೆಟ್" ಅಂತ ಕೂಗುವುದೂ ಹಿಂಸೆ. ವಿಟಮಿನ್ ಮಾತ್ರೆ ನುಂಗಿದೆ. ಸ್ವಲ್ಪ ಕಡಿಮೆ ಆಯಿತು, ನಿಲ್ಲಲಿಲ್ಲ. ಪೇಸ್ಟಿನಲ್ಲಿ ನೊರೆ ಬರಲಿ ಅಂತ ಹಾಕುವ ಸೋಡಿಯಂ ಲಾರಿಲ್ ಸಲ್ಫೇಟ್ ಕೆಲವರ ಬಾಯಿಗೆ ಆಗುವುದಿಲ್ಲ, ಹುಣ್ಣು ಜಾಸ್ತಿ ಮಾಡುತ್ತದೆ ಅಂತ ಎಲ್ಲೋ ಓದಿದೆ. ಹಾಗಾದರೆ ನೊರೆ ಇಲ್ಲದ್ದನ್ನೇ ಬಳಸಿ ನೋಡೋಣ ಅನ್ನಿಸಿತು.

ಎರಡನೆಯ ಕಾರಣ ಹೇಳಬೇಕಾದರೆ ನಮ್ಮ ಊರಿನ ನೀರಿನ ಕಥೆ ಹೇಳಬೇಕು. ನಾನು ಹುಟ್ಟಿದ್ದು ಪಾವಗಡ ತಾಲ್ಲೂಕಿನಲ್ಲಿ. ಅಲ್ಲಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ನಮ್ಮ ಅಕ್ಕನ ಮುಂದಿನ ಹಲ್ಲುಗಳ ಮೇಲೆ ಕಂದು ಬಣ್ಣದ ಪಟ್ಟೆಗಳಿವೆ. ಉಜ್ಜಿದರೆ ಹೋಗುವಂಥದ್ದಲ್ಲ. ಹಲ್ಲಿನೊಳಗೇ ಕೂತ ಬಣ್ಣ ಅದು. ಮದುವೆ ಫೋಟೋದಲ್ಲೂ ಅಕ್ಕ ಬಾಯಿ ಮುಚ್ಚಿಕೊಂಡೇ ನಿಂತಿದ್ದಾಳೆ. ಈಗಲೂ ನಗು ಬಂದರೆ ಸೆರಗು ಬಾಯಿಗೆ ಹೋಗುತ್ತದೆ. ನನ್ನ ಹಲ್ಲಿನ ಮೇಲೆ ಸುಣ್ಣದ ಗೆರೆ ಎಳೆದ ಹಾಗೆ ತೆಳ್ಳಗೆ ಬಿಳಿ ಗೆರೆಗಳಿವೆ. ಊರಿನ ಹಿರಿಯರಲ್ಲಿ ಮಂಡಿ ಮಡಚಲಾಗದವರು, ಬೆನ್ನು ನೆಟ್ಟಗೆ ಮಾಡಲಾಗದವರು ಎಷ್ಟೋ ಜನ. ಅದೂ ಆ ನೀರಿನದೇ ಕಾಟ.

ಹಾಗಾಗಿ ಪೇಸ್ಟಿನ ಟ್ಯೂಬಿನ ಹಿಂದೆ "ಫ್ಲೋರೈಡ್" ಅಂತ ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ನಮ್ಮ ಊರಿನ ಹಲ್ಲು ಹಾಳು ಮಾಡಿದ್ದನ್ನೇ ದುಡ್ಡು ಕೊಟ್ಟು ಬಾಯಿಗೆ ಹಾಕಿಕೊಳ್ಳಬೇಕಾ? ಹೀಗೆ ಯೋಚಿಸಿ ಕಳೆದ ಡಿಸೆಂಬರಿನಲ್ಲಿ ಟ್ಯೂಬು ಪೂರ್ತಿ ನಿಲ್ಲಿಸಿದೆ. ನನಗೆ ಮಾತ್ರ ಅಲ್ಲ. ಹೆಂಡತಿಗೆ, ಅಮ್ಮನಿಗೆ, ಒಂಬತ್ತು ವರ್ಷದ ಮಗಳಿಗೆ, ಎಲ್ಲರಿಗೂ.

ಮೊದಲ ಸಲ ಮಾಡಿದ್ದು ಎಲ್ಲರೂ ಹೇಳುವ ಕೊಬ್ಬರಿ ಎಣ್ಣೆ ಪೇಸ್ಟು. ನಮ್ಮದು ತೆಂಗಿನ ಜಿಲ್ಲೆ, ತಿಪಟೂರಿನ ಗಾಣದ ಎಣ್ಣೆ ಮನೆಯಲ್ಲಿ ಇದ್ದೇ ಇತ್ತು. ಎಣ್ಣೆಗೆ ಅಡುಗೆ ಸೋಡಾ ಕಲಸಿ, ನಾಲ್ಕು ಹನಿ ಲವಂಗದ ಎಣ್ಣೆ ಬಿಟ್ಟೆವು. ನೋಡಲು ಬೆಣ್ಣೆಯ ಹಾಗಿತ್ತು. ರುಚಿ ಉಪ್ಪುಪ್ಪು, ಆದರೆ ಉಜ್ಜಿದ ಮೇಲೆ ಹಲ್ಲಿನ ಮೇಲೆ ನಾಲಿಗೆ ಆಡಿಸಿದರೆ ಗಾಜಿನ ಹಾಗೆ ನುಣ್ಣಗೆ. ನನಗೆ ಬಹಳ ಖುಷಿಯಾಯಿತು.

ಖುಷಿ ಜಾಸ್ತಿ ದಿನ ಉಳಿಯಲಿಲ್ಲ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ತುಮಕೂರಿನ ಡಿಸೆಂಬರ್ ಬೆಳಗಿನಲ್ಲಿ ಅದು ಕಲ್ಲು. ಚಮಚದ ಹಿಂಬದಿಯಿಂದ ಕೆರೆದು ತೆಗೆಯಬೇಕು. ಅದೇ ಎಣ್ಣೆ ಫೆಬ್ರುವರಿ ಕೊನೆಯ ಹೊತ್ತಿಗೆ ಪಾವಗಡದ ಬಿಸಿಲಿಗೆ ನೀರು. ಒಂದು ಮಧ್ಯಾಹ್ನ ಡಬ್ಬಿಯ ಮುಚ್ಚಳದ ಸಂದಿಯಿಂದ ಸೋರಿ ವೇಬಿಲ್ ಅರ್ಧ ಎಣ್ಣೆಯಾಯಿತು. ಡಿಪೋದಲ್ಲಿ ಲೆಕ್ಕ ಕೊಡುವಾಗ ಅಂಕಿ ಓದಿಸಲು ಬೆಳಕಿಗೆ ಹಿಡಿದು ತೋರಿಸಬೇಕಾಯಿತು. ಮನೆಯಲ್ಲಿ ಇನ್ನೊಂದು ತೊಂದರೆ. ಉಗುಳಿದ ಎಣ್ಣೆ ವಾಶ್ ಬೇಸಿನ್ ಪೈಪಿನಲ್ಲಿ ಹೆಪ್ಪುಗಟ್ಟಿ ನೀರು ನಿಂತಿತು. ಮೂರು ಸಲ ಬಿಸಿನೀರು ಸುರಿದ ಮೇಲೆ ಬಿಟ್ಟಿತು. ಎಣ್ಣೆ ಪೇಸ್ಟು ಮಾಡುವವರು ದಯವಿಟ್ಟು ಬೇಸಿನ್ನಿಗೆ ಉಗುಳಬೇಡಿ. ಗಿಡದ ಬುಡಕ್ಕೂ ಬೇಡ, ಸೋಡಾ ಮಣ್ಣಿಗೆ ಒಳ್ಳೆಯದಲ್ಲ. ಪೇಪರಿಗೆ ಉಗುಳಿ ಕಸಕ್ಕೆ ಹಾಕಿ.

ಎರಡನೆಯದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದು ವಿಡಿಯೋ ನೋಡಿ ಅರಿಶಿನ, ಉಪ್ಪು, ನಿಂಬೆರಸ ಕಲಸಿದ್ದು. ಹಲ್ಲು ಬೆಳ್ಳಗಾಗುತ್ತದೆ ಅಂತ ಹೇಳಿದ್ದರು. ಹತ್ತನೇ ದಿನಕ್ಕೆ ತಣ್ಣೀರು ಕುಡಿದರೆ ಹಲ್ಲು ಜುಮ್ಮೆನ್ನತೊಡಗಿತು. ಹಲ್ಲಿನ ಮೇಲಿನ ಗಟ್ಟಿ ಪದರ, ಎನಾಮಲ್, ಬಾಯಿಯ ಪಿಎಚ್ (ಹುಳಿ ಅಳೆಯುವ ಅಂಕಿ, ಇದು ಇಳಿದಷ್ಟೂ ಹುಳಿ ಜಾಸ್ತಿ) 5.5ಕ್ಕಿಂತ ಕೆಳಗೆ ಹೋದರೆ ಕರಗಲು ಶುರುವಾಗುತ್ತದೆ. ನಿಂಬೆರಸದ ಪಿಎಚ್ 2ರ ಆಸುಪಾಸು. ಕರಗಿ ಮೆತ್ತಗಾದ ಪದರದ ಮೇಲೆ ಉಪ್ಪಿನ ಹರಳಿನಿಂದ ತಿಕ್ಕುವುದೆಂದರೆ ಏನು ಅಂತ ನೀವೇ ಯೋಚಿಸಿ. ನಿಂಬೆಹಣ್ಣು ಚಿತ್ರಾನ್ನಕ್ಕೆ ಇರಲಿ. ಹಲ್ಲಿಗೆ ಬೇಡವೇ ಬೇಡ.

ಮೂರನೆಯದು ಹಿತ್ತಲಿನ ಲೋಳೆಸರ ಹಾಕಿ ಮಾಡಿದ್ದು. ಮೆತ್ತಗೆ, ತಂಪಾಗಿ, ಅಂಗಡಿ ಪೇಸ್ಟಿನಷ್ಟೇ ಚೆನ್ನಾಗಿತ್ತು. ಒಂಬತ್ತನೇ ದಿನ ಮೇಲೆ ಬೂದು ಬಣ್ಣದ ಬೂಷ್ಟು. ನೀರಿನ ಅಂಶ ಇದ್ದು, ಕೆಡದಂತೆ ಕಾಯುವ ವಸ್ತು ಏನೂ ಇಲ್ಲದಿದ್ದರೆ ಹೀಗೇ ಆಗುವುದು. ಅದರ ಮೇಲೆ ನಾಲ್ಕು ಜನ ಒದ್ದೆ ಬ್ರಶ್ಶನ್ನು ಒಂದೇ ಡಬ್ಬಿಗೆ ಅದ್ದುತ್ತಿದ್ದೆವು. ಒಬ್ಬರ ಬಾಯಿಯದು ಇನ್ನೊಬ್ಬರಿಗೆ. ಆಮೇಲೆ ಒಣ ಚಮಚದಿಂದ ಅಂಗೈಗೆ ಹಾಕಿಕೊಂಡು, ಅಲ್ಲಿಂದ ಬ್ರಶ್ಶಿಗೆ ತೆಗೆದುಕೊಳ್ಳುವ ರೂಢಿ ಮಾಡಿಕೊಂಡೆವು.

ಆಗ ಅಮ್ಮ ಹೇಳಿದ್ದು: "ಪೇಸ್ಟು ಪೇಸ್ಟು ಅಂತ ಯಾಕೆ ಒದ್ದಾಡ್ತೀಯೋ? ನಾವೇನು ಪೇಸ್ಟಿನಲ್ಲಿ ಉಜ್ಜಿದೆವಾ? ಪುಡಿ ಮಾಡು." ಅಮ್ಮನ ಕಾಲದಲ್ಲಿ ಬೇವಿನ ಕಡ್ಡಿ, ಹೊಂಗೆ ಕಡ್ಡಿ, ಕರಿಜಾಲಿ ಕಡ್ಡಿ. ಬಳ್ಳಾರಿ ಜಾಲಿ ಅಲ್ಲ, ಹಳದಿ ಹೂವಿನ ನಮ್ಮ ಜಾಲಿ. ಕೆಲವರು ಉತ್ತರಾಣಿ ಬೇರು ಬಳಸುತ್ತಿದ್ದರಂತೆ. ಹಬ್ಬ, ನೆಂಟರು ಅಂದಾಗ ಮಾತ್ರ ನಂಜನಗೂಡಿನ ಹಲ್ಲುಪುಡಿ. ಸದ್ವೈದ್ಯಶಾಲೆಯವರ ಆ ಗುಲಾಬಿ ಬಣ್ಣದ ಪುಡಿ ನೆನಪಿದೆ ಅಲ್ವಾ? 1913ರಲ್ಲಿ ಬಿ.ವಿ. ಪಂಡಿತರು ಕಟ್ಟಿದ ಸಂಸ್ಥೆ ಅದು. ನಮ್ಮ ತಾತ ಎಡಗೈಯಲ್ಲಿ ಪುಡಿ ಸುರಿದುಕೊಂಡು, ಬಲಗೈ ತೋರುಬೆರಳಲ್ಲಿ ಉಜ್ಜುತ್ತಾ ಜಗುಲಿಯ ಮೇಲೆ ಅರ್ಧ ಗಂಟೆ ಕೂರುತ್ತಿದ್ದರು. ಅಂಗೈ ಗುಲಾಬಿ, ತುಟಿ ಗುಲಾಬಿ.

ಆದರೆ ಅಮ್ಮ ಹೇಳಿದ ಪುಡಿ ಅದಲ್ಲ. ಇದ್ದಿಲು, ಭತ್ತದ ಹೊಟ್ಟು ಸುಟ್ಟ ಬೂದಿ, ಇಟ್ಟಿಗೆ ಪುಡಿ, ಉಪ್ಪು. ನನಗೆ ಅನುಮಾನ ಬಂತು. ಒಡೆದ ಕನ್ನಡಿಯ ಒಂದು ಚೂರು ತೆಗೆದುಕೊಂಡು, ಅದರ ಮೇಲೆ ಈ ಪುಡಿ ಹಾಕಿ ಒದ್ದೆ ಬಟ್ಟೆಯಿಂದ ಐದು ನಿಮಿಷ ತಿಕ್ಕಿದೆ. ತೊಳೆದು ಬಿಸಿಲಿಗೆ ಹಿಡಿದರೆ ಗೀರು ಗೀರು. ಗಾಜಿಗೂ ನಮ್ಮ ಎನಾಮಲ್‌ಗೂ ಗಟ್ಟಿತನದಲ್ಲಿ ಜಾಸ್ತಿ ವ್ಯತ್ಯಾಸ ಇಲ್ಲ. ಇಟ್ಟಿಗೆಯಲ್ಲಿ ಮರಳು ಇರುತ್ತದೆ, ಹೊಟ್ಟಿನ ಬೂದಿಯಲ್ಲಿ ಸಿಲಿಕಾ ತುಂಬಿರುತ್ತದೆ. ಎರಡೂ ಗೀರುತ್ತವೆ. ಅಮ್ಮನ ಹಲ್ಲಿನ ಬುಡದಲ್ಲಿ ಒಸಡಿಗೆ ಅಂಟಿಕೊಂಡು ಸವೆದ ಗುಳಿಗಳಿವೆ. ಕನ್ನಡಿ ಚೂರು ಅಮ್ಮನ ಕೈಗೆ ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿ, "ಹೌದಲ್ವೋ" ಅಂದರು. ಅಲ್ಲಿಗೆ ಇಟ್ಟಿಗೆ ಪುಡಿಯ ಮಾತು ಮುಗಿಯಿತು. ನೀವು ಯಾವ ಪುಡಿ ಮಾಡಿದರೂ ಬಾಯಿಗೆ ಹಾಕುವ ಮೊದಲು ಈ ಕನ್ನಡಿ ಪರೀಕ್ಷೆ ಮಾಡಿ. ಖರ್ಚಿಲ್ಲ.

ನಾಲ್ಕನೆಯದು ಈಗ ಬಳಸುತ್ತಿರುವ ಪುಡಿ. ಮೇ ತಿಂಗಳಿಂದ ಇದೇ. ಅಳತೆ ಹೇಳುತ್ತೇನೆ. ಕ್ಯಾಲ್ಸಿಯಂ ಕಾರ್ಬೊನೇಟ್ 200 ಗ್ರಾಂ, ಅಡುಗೆ ಸೋಡಾ 60 ಗ್ರಾಂ, ತ್ರಿಫಲಾ ಪುಡಿ 25 ಗ್ರಾಂ, ಜೇಷ್ಠಮಧು ಪುಡಿ 25 ಗ್ರಾಂ, ಲವಂಗ 10 ಗ್ರಾಂ, ನುಣ್ಣಗೆ ಪುಡಿ ಮಾಡಿದ ಉಪ್ಪು 10 ಗ್ರಾಂ. ಒಟ್ಟು 330 ಗ್ರಾಂ ಆಗುತ್ತದೆ. ಎಲ್ಲವನ್ನೂ ತೆಳು ಪಂಚೆ ಬಟ್ಟೆಯಲ್ಲಿ ಸೋಸಬೇಕು. ಜರಡಿ ಸಾಲದು. ಬಟ್ಟೆಯ ಮೇಲೆ ಉಳಿದ ತರಿಯನ್ನು ಮತ್ತೆ ಕುಟ್ಟಿ ಮತ್ತೆ ಸೋಸಿ. ಎರಡು ಬೆರಳಿನ ನಡುವೆ ಉಜ್ಜಿದರೆ ಪೌಡರ್ ಹಾಗೆ ಜಾರಬೇಕು, ಒಂದು ತರಿಯೂ ಸಿಗಬಾರದು. ಇದನ್ನು ಕನ್ನಡಿ ಚೂರಿನ ಮೇಲೆ ತಿಕ್ಕಿದೆ. ಒಂದು ಗೀರೂ ಬೀಳಲಿಲ್ಲ.

ಕ್ಯಾಲ್ಸಿಯಂ ಕಾರ್ಬೊನೇಟ್ ಅಂದರೆ ಸೀಮೆಸುಣ್ಣದ ಜಾತಿಯದೇ. ಹಾಗಂತ ಶಾಲೆಯ ಚಾಕ್‌ಪೀಸ್ ಪುಡಿ ಮಾಡಬೇಡಿ. ಎಷ್ಟೋ ಚಾಕ್‌ಪೀಸ್ ಜಿಪ್ಸಮ್ಮಿನದು, ತಿನ್ನುವುದಕ್ಕೆ ಅಂತ ಮಾಡಿದ್ದೂ ಅಲ್ಲ. ಎಲೆಯಡಿಕೆಯ ಸುಣ್ಣವಂತೂ ಖಂಡಿತ ಬೇಡ, ಬಾಯಿ ಸುಡುತ್ತದೆ. ಆಹಾರಕ್ಕೆ ಬಳಸುವಂಥದ್ದು ಅಂತ ಬರೆದ ಪೊಟ್ಟಣವನ್ನೇ ತರಿಸಿಕೊಳ್ಳಿ. ನನಗೆ 500 ಗ್ರಾಂ 140 ರೂಪಾಯಿಗೆ ಸಿಕ್ಕಿತು.

ಮಿಕ್ಕಿದ್ದೆಲ್ಲ ತುಮಕೂರಿನ ಮಂಡಿಪೇಟೆಯ ಗ್ರಂಧಿಗೆ ಅಂಗಡಿಗಳಲ್ಲಿ. ಅಂಗಡಿಯೊಳಗೆ ಕಾಲಿಟ್ಟ ತಕ್ಷಣ ಬರುವ ಆ ವಾಸನೆ, ಬಜೆ, ಶುಂಠಿ, ಜಟಾಮಾಂಸಿ, ಕರ್ಪೂರ ಎಲ್ಲ ಸೇರಿದ ವಾಸನೆ, ನನಗೆ ಬಾಣಂತಿ ಕೋಣೆಯನ್ನು ನೆನಪಿಸುತ್ತದೆ. ಎರಡು ಅಂಗಡಿಯಲ್ಲಿ ತೆಗೆದುಕೊಂಡೆ. ಹೆಸರು ಬರೆಯುವುದಿಲ್ಲ. ಮೊದಲನೆಯ ಅಂಗಡಿಯಲ್ಲಿ ಲವಂಗದ ಪುಡಿಯನ್ನೇ ಕೊಟ್ಟರು. ಮೂಗಿಗೆ ಹಿಡಿದರೆ ಘಾಟೇ ಇಲ್ಲ, ಮರದ ಹೊಟ್ಟಿನ ಹಾಗಿತ್ತು. ಎರಡನೆಯ ಅಂಗಡಿಯಲ್ಲಿ ಗಲ್ಲಾದ ಮೇಲೆ ಕೂತ ಅಜ್ಜ ಲವಂಗ ಕೈಗೆ ಕೊಟ್ಟು, "ತಲೆ ಭಾಗಕ್ಕೆ ಉಗುರು ಒತ್ತಿ ನೋಡು ಮಗ, ಎಣ್ಣೆ ಕಾಣಬೇಕು" ಅಂದರು. ಒತ್ತಿದೆ, ಪಸೆ ಬಂತು. ಲೋಟದ ನೀರಿಗೆ ಹಾಕಿ ತೋರಿಸಿದರು. ಒಳ್ಳೆಯ ಲವಂಗ ಮುಳುಗುತ್ತದೆ, ಇಲ್ಲವೇ ತಲೆ ಮೇಲೆ ಮಾಡಿ ನಿಲ್ಲುತ್ತದೆ. ಎಣ್ಣೆ ತೆಗೆದು ಮಾರುವ ಲವಂಗ ಅಡ್ಡಡ್ಡ ಮಲಗಿ ತೇಲುತ್ತದೆ. ಹಲ್ಲುನೋವಿಗೆ ಜುಮು ಜುಮು ಮಾಡುವ ಯುಜೆನಾಲ್ ಇರುವುದೇ ಆ ಎಣ್ಣೆಯಲ್ಲಿ. ಅದು ಹೋದ ಲವಂಗ ಯಾತಕ್ಕೂ ಬಾರದು. 25 ಗ್ರಾಂಗೆ 35 ರೂಪಾಯಿ ತೆಗೆದುಕೊಂಡರು. ನನ್ನ ಪಾಲಿಗೆ ಆ ಅಂಗಡಿಗೆ ಐದಕ್ಕೆ ಐದು. ಅಜ್ಜ ಇನ್ನೊಂದು ಬುದ್ಧಿಮಾತು ಹೇಳಿದರು. ಲವಂಗದ ಎಣ್ಣೆಯನ್ನು ನೇರವಾಗಿ ಬಾಯಿಗೆ ಹಾಕಬೇಡ, ಪುಡಿಯೇ ಸಾಕು ಅಂತ. ನಮ್ಮ ಮೊದಲ ಪೇಸ್ಟಿನಲ್ಲಿ ಮಗಳ ತುಟಿ ಉರಿದಿದ್ದು ಯಾಕೆ ಅಂತ ಆಗ ಗೊತ್ತಾಯಿತು.

ಜೇಷ್ಠಮಧು ಸಿಹಿಗೆ. ಸಕ್ಕರೆ, ಜೇನು ಹಾಕಲಾಗದ ಕಡೆ ಅದು ಬಹಳ ಉಪಯೋಗ. ತ್ರಿಫಲಾ ಅಂದರೆ ಅಳಲೆ, ತಾರೆ, ನೆಲ್ಲಿ. ಒಗರು. ಉಜ್ಜಿ ಬಾಯಿ ಮುಕ್ಕಳಿಸಿದ ಮೇಲೆ ಒಸಡು ಬಿಗಿ ಹಿಡಿದ ಹಾಗೆ ಅನ್ನಿಸುತ್ತದೆ. ಅಮ್ಮನಿಗೆ ಬೇವಿನ ಪುಡಿ ಹಾಕಲಿಲ್ಲ ಅಂತ ಬೇಸರ. ಮಗಳಿಗೆ ಕಹಿ ಆಗುವುದಿಲ್ಲ, ಏನು ಮಾಡುವುದು.

ಬಳಸಿದಾಗ ಹೇಗಿರುತ್ತದೆ? ಮೊದಲ ವಾರ ಬೇಜಾರಾಗುತ್ತದೆ, ಮುಂಚೆಯೇ ಹೇಳಿಬಿಡುತ್ತೇನೆ. ನೊರೆ ಇಲ್ಲ. ನೊರೆ ಇಲ್ಲದೆ ಹಲ್ಲುಜ್ಜಿದ ಹಾಗೇ ಆಗುವುದಿಲ್ಲ. ಬಾಯಿ ತುಂಬ ಕಂದು ಬಣ್ಣದ ನೀರು. ಬೇಸಿನ್ನಿಗೆ ಕಲೆ ಕೂರುತ್ತದೆ, ಆಗಾಗ ತಿಕ್ಕಬೇಕು. ಎರಡನೇ ವಾರಕ್ಕೆ ನಾಲಿಗೆ ಒಗ್ಗುತ್ತದೆ. ಆಮೇಲೆ ಒಂದು ಸುಖ ಗೊತ್ತಾಗುತ್ತದೆ. ಹಲ್ಲುಜ್ಜಿದ ಕೂಡಲೇ ಕಾಫಿ ಕುಡಿದರೆ ಕಾಫಿಯ ರುಚಿಯೇ ಇರುತ್ತದೆ. ಟ್ಯೂಬ್ ಪೇಸ್ಟಿನ ಮೇಲೆ ಕುಡಿದರೆ ಒಂಥರಾ ಕೆಟ್ಟ ಕಹಿ ಬರುತ್ತದಲ್ಲ, ಅದು ಇಲ್ಲ. ಆ ಕಹಿಯೂ ನೊರೆಯ ವಸ್ತುವಿನದೇ ಕೆಲಸ. ಬೆಳಗ್ಗೆ ಐದೂಕಾಲಕ್ಕೆ ಹಾಲ್ಟ್ ಊರಿನ ಹೋಟೆಲಿನಲ್ಲಿ ಒಲೆ ಹೊತ್ತಿಸಿ ಕೊಡುವ ಮೊದಲ ಕಾಫಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ನಮ್ಮಂಥವರಿಗೆ ಗೊತ್ತು.

ಬಾಯಿಹುಣ್ಣು ಕಡಿಮೆ ಆಯಿತು. ಈ ವರ್ಷ ಮೇ ಇಂದ ನವೆಂಬರ್‌ವರೆಗೆ ಎರಡೇ ಸಲ ಬಂದಿದ್ದು. ತಿಂಗಳಿಗೆ ಎರಡು ಬರುತ್ತಿದ್ದವನಿಗೆ ಇದು ಸಣ್ಣ ಮಾತಲ್ಲ. ಒಸಡಿನಲ್ಲಿ ರಕ್ತ ಬರುವುದೂ ನಿಂತಿತು. ಅದಕ್ಕೆ ಪುಡಿ ಎಷ್ಟು ಕಾರಣ, ಹೊಸ ಉತ್ಸಾಹದಲ್ಲಿ ಎರಡು ನಿಮಿಷ ನಿಂತು ನಿಧಾನವಾಗಿ ಉಜ್ಜತೊಡಗಿದ್ದು ಎಷ್ಟು ಕಾರಣ ಅಂತ ಕೇಳಿದರೆ, ಎರಡನೆಯದೇ ಜಾಸ್ತಿ ಅಂತ ನನ್ನ ಲೆಕ್ಕ. ಹಲ್ಲಿನ ಮೇಲೆ ಕೂರುವ ಮೆತ್ತನೆ ಪದರವನ್ನು ತೆಗೆಯುವುದು ಬ್ರಶ್ಶಿನ ಎಳೆಗಳು. ಪುಡಿ, ಪೇಸ್ಟು ಅದಕ್ಕೆ ಒತ್ತಾಸೆ ಅಷ್ಟೇ.

ಇಲ್ಲಿಯವರೆಗೆ ಕೇಳಿದರೆ ಎಲ್ಲ ಚೆನ್ನಾಗೇ ಇದೆ ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ.

ಆಗಸ್ಟಿನಲ್ಲಿ ಮಗಳ ಒಂದು ಹಾಲುಹಲ್ಲು ಅಲ್ಲಾಡುತ್ತಿತ್ತು. ಬಡಾವಣೆಯ ಹಲ್ಲಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಅವರು ಎಲ್ಲ ಹಲ್ಲುಗಳನ್ನೂ ನೋಡುತ್ತಾ, ಆರನೇ ವಯಸ್ಸಿಗೆ ಬಂದ ಕೆಳಗಿನ ದವಡೆ ಹಲ್ಲಿನ ಮೇಲೆ ಗಾಳಿ ಬಿಟ್ಟು ಒಣಗಿಸಿದರು. ಕನ್ನಡಿ ಹಿಡಿದು ನನಗೆ ತೋರಿಸಿದರು. ಒಸಡಿನ ಅಂಚಿಗೆ ಸುಣ್ಣದ ಹನಿ ಬಿದ್ದ ಹಾಗೆ ಬಿಳಿ ಕಲೆ.

ನನ್ನ ಎದೆ ಧಸಕ್ಕೆಂದಿತು. ನಮ್ಮ ಊರಿನ ಕಲೆ ಇವಳಿಗೂ ಬಂತಾ? ಇವಳು ಹುಟ್ಟಿ ಬೆಳೆದಿದ್ದೆಲ್ಲ ತುಮಕೂರಿನಲ್ಲಿ. ಕುಡಿದಿದ್ದು ಬುಗುಡನಹಳ್ಳಿ ಕೆರೆಯಿಂದ ಬರುವ ಹೇಮಾವತಿ ನೀರು. ಪೇಸ್ಟು ಕೂಡ ನಿಲ್ಲಿಸಿ ಎಂಟು ತಿಂಗಳಾಗಿದೆ. ಮತ್ತೆ ಫ್ಲೋರೈಡ್ ಎಲ್ಲಿಂದ ಬಂತು?

ಹೀಗೇ ಕೇಳಿದೆ. ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಕೂತರು. "ಇದು ಫ್ಲೋರೈಡ್ ಜಾಸ್ತಿಯಾಗಿ ಬಂದಿದ್ದಲ್ಲ ಸರ್. ಹುಳುಕಿನ ಮೊದಲ ಹೆಜ್ಜೆ. ಫ್ಲೋರೈಡ್ ಸಿಗದೆ ಹೋದರೂ ಇದು ಬೇಗ ಬರುತ್ತೆ" ಅಂದರು. ಆಮೇಲೆ ಯಾವ ಪೇಸ್ಟು, ಏನು ತಿಂಡಿ, ಎಷ್ಟು ಹೊತ್ತಿಗೆ ಅಂತ ಒಂದೊಂದೇ ಕೇಳಿದರು. ಬಿಸ್ಕತ್ತಿನ ವಿಷಯವೂ ಬಂತು. ರಾತ್ರಿ ಹಾಲು ಕುಡಿದು ಹಾಗೇ ಮಲಗುವುದೂ ಬಂತು. ಪುಡಿಯೊಂದೇ ಕಾರಣ ಅಂತ ಅವರು ಹೇಳಲಿಲ್ಲ. ಆದರೆ ಮಗುವಿಗೆ ಇದ್ದ ಒಂದು ಕಾವಲನ್ನು ನಾನೇ ತೆಗೆದಿದ್ದೆ ಅನ್ನುವುದು ನನಗೆ ಅರ್ಥವಾಯಿತು.

ಅವರು ತಿಳಿಸಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ. ನಾವು ಏನಾದರೂ ತಿಂದಾಗಲೆಲ್ಲ, ಅದರಲ್ಲೂ ಸಿಹಿ ತಿಂದಾಗ, ಬಾಯಿಯ ಬ್ಯಾಕ್ಟೀರಿಯಾಗಳು ಹುಳಿ ಬಿಡುತ್ತವೆ. ಎನಾಮಲ್‌ನಿಂದ ಕ್ಯಾಲ್ಸಿಯಂ ಸ್ವಲ್ಪ ಕರಗುತ್ತದೆ. ಎಂಜಲು ಅದನ್ನು ಮತ್ತೆ ತುಂಬುತ್ತದೆ. ದಿನವೂ ಈ ಕರಗುವುದು, ತುಂಬುವುದು ನಡೆದೇ ಇರುತ್ತದೆ. ಹಲ್ಲಿನ ಮೇಲೆ ಸ್ವಲ್ಪ ಫ್ಲೋರೈಡ್ ಇದ್ದರೆ ತುಂಬುವ ಕೆಲಸ ಚೆನ್ನಾಗಿ ಆಗುತ್ತದೆ. ಹಾಗೆ ತುಂಬಿದ ಪದರ ಮೊದಲಿಗಿಂತ ಹುಳಿಗೆ ಗಟ್ಟಿಯಾಗಿ ನಿಲ್ಲುತ್ತದೆ. ಇದು ಹಲ್ಲಿನ ಹೊರಮೈಯಲ್ಲಿ ನಡೆಯುವ ಕೆಲಸ. ನುಂಗಬೇಕಾಗಿಲ್ಲ.

ನಮ್ಮ ಅಕ್ಕನಿಗೆ ಆಗಿದ್ದು ಬೇರೆಯೇ ದಾರಿ. ಅದು ನುಂಗಿದ ಫ್ಲೋರೈಡ್. ಹಲ್ಲು ಇನ್ನೂ ದವಡೆಯೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದ ಒಳಗೆ, ದಿನವೂ ಹೊಟ್ಟೆಗೆ ಹೋಗಿದ್ದು. ದೊಡ್ಡವರಾದ ಮೇಲೆ ಹಲ್ಲಿಗೆ ಆ ಪಟ್ಟೆ ಹೊಸದಾಗಿ ಬರುವುದಿಲ್ಲ. ಮೂಳೆಗೆ ಬರುವ ತೊಂದರೆಯೂ ವರ್ಷಗಟ್ಟಲೆ ಕುಡಿದ ನೀರಿನಿಂದಲೇ.

ನಾನು ಒಪ್ಪಲು ತಯಾರಿರಲಿಲ್ಲ. ಆಗ ಅವರು ಚೀಟಿಯ ಹಿಂದೆ ಲೆಕ್ಕ ಬರೆದು ತೋರಿಸಿದರು. ಆ ಚೀಟಿ ಇನ್ನೂ ನನ್ನ ಪರ್ಸಿನಲ್ಲಿದೆ. ನಮ್ಮ ದೇಶದ ನಿಯಮದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಲೀಟರಿಗೆ 3 ಮಿಲಿಗ್ರಾಂ ಇರುವ ಬೋರ್ ನೀರು ಅಂದುಕೊಳ್ಳಿ. ಮಗು ದಿನಕ್ಕೆ ಒಂದೂವರೆ ಲೀಟರ್ ಕುಡಿದರೆ 4.5 ಮಿಲಿಗ್ರಾಂ ಹೊಟ್ಟೆಗೆ ಹೋಯಿತು, ಪ್ರತಿದಿನ. ಪೇಸ್ಟಿನಲ್ಲಿ ಫ್ಲೋರೈಡ್ 1000 ಪಿಪಿಎಂ, ಅಂದರೆ ಒಂದು ಗ್ರಾಂ ಪೇಸ್ಟಿಗೆ 1 ಮಿಲಿಗ್ರಾಂ, ಮೀರಬಾರದು ಅಂತ ನಮ್ಮಲ್ಲಿ ಕಾನೂನಿದೆ. ಬಟಾಣಿ ಕಾಳಿನಷ್ಟು ಪೇಸ್ಟು ಸುಮಾರು ಕಾಲು ಗ್ರಾಂ. ಅದರಲ್ಲಿ ಇರುವುದು 0.25 ಮಿಲಿಗ್ರಾಂ. ಅದನ್ನೂ ಉಗುಳುತ್ತೇವೆ. ಎರಡು ಅಂಕಿಗಳನ್ನು ಪಕ್ಕಪಕ್ಕ ನೋಡಿದೆ. ಕಂಡಕ್ಟರ್‌ಗೆ ಲೆಕ್ಕ ಬೇಗ ಅರ್ಥವಾಗುತ್ತದೆ.

ಇಷ್ಟು ವರ್ಷ ನನ್ನ ಸಿಟ್ಟು ಟ್ಯೂಬಿನ ಮೇಲಿತ್ತು. ಇರಬೇಕಾಗಿದ್ದು ನೀರಿನ ಮೇಲೆ. ನಮ್ಮ ಕಡೆಯ ಹಳ್ಳಿಗಳಲ್ಲಿ ಈಗ ಶುದ್ಧ ನೀರಿನ ಘಟಕಗಳಿವೆ. ನಮ್ಮ ಹಾಲ್ಟ್ ಊರಿನಲ್ಲಿ ಐದು ರೂಪಾಯಿ ನಾಣ್ಯ ಹಾಕಿದರೆ ಒಂದು ಕ್ಯಾನ್ ನೀರು. ಮೊದಲು ನಾನು ಅದನ್ನು ಜಾಸ್ತಿ ಯೋಚಿಸುತ್ತಿರಲಿಲ್ಲ. ಈಗ ಚಿಕ್ಕ ಮಕ್ಕಳಿಗೆ ಬೋರ್ ನೀರು ಕುಡಿಸುವುದು ಕಂಡರೆ ಹೇಳದೆ ಇರಲಾರೆ. ಇನ್ನೊಂದು ಮಾತು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಫ್ಲೋರೈಡ್ ಅಲ್ಲೇ ಉಳಿಯುತ್ತದೆ. ಕುದಿಸಿ ಆರಿಸಿದ ನೀರು ಅಂತ ಧೈರ್ಯ ಮಾಡಬೇಡಿ.

ಮಗಳ ಹಲ್ಲಿಗೆ ಡಾಕ್ಟರಮ್ಮ ಫ್ಲೋರೈಡ್ ವಾರ್ನಿಶ್ (ಹಲ್ಲಿಗೆ ಅಂಟಿ ನಿಲ್ಲುವ ಫ್ಲೋರೈಡ್ ಲೇಪ) ಹಚ್ಚಿದರು. ಗುಳಿ ಬಿದ್ದಿರಲಿಲ್ಲ, ಅದೇ ನಮ್ಮ ಪುಣ್ಯ. ಬಿಳಿ ಕಲೆಯ ಹಂತದಲ್ಲಿ ಹಿಡಿದರೆ ಹಲ್ಲು ಮತ್ತೆ ತುಂಬಿಕೊಳ್ಳಲು ಅವಕಾಶ ಇದೆಯಂತೆ. ನವೆಂಬರಿನಲ್ಲಿ ಮತ್ತೆ ತೋರಿಸಿದೆವು. ಕಲೆ ಬೆಳೆದಿಲ್ಲ. ಮೊದಲಿದ್ದ ಸುಣ್ಣದಂಥ ಮಂಕು ಹೋಗಿ ಸ್ವಲ್ಪ ಹೊಳಪು ಬಂದಿದೆ ಅಂದರು.

ಈಗ ನಮ್ಮ ಮನೆಯ ಕ್ರಮ ಹೀಗಿದೆ. ಮಗಳಿಗೆ ಎರಡು ಹೊತ್ತೂ ಫ್ಲೋರೈಡ್ ಪೇಸ್ಟು, ಬಟಾಣಿಯಷ್ಟು. ಪುಡಿ ಇಲ್ಲ. ನನಗೆ, ಹೆಂಡತಿಗೆ, ಅಮ್ಮನಿಗೆ ಬೆಳಗ್ಗೆ ಮನೆಯ ಪುಡಿ. ರಾತ್ರಿ ಮಲಗುವ ಮೊದಲು ಫ್ಲೋರೈಡ್ ಇರುವ, ಆದರೆ ನೊರೆಯ ಸಲ್ಫೇಟ್ ಇಲ್ಲದ ಪೇಸ್ಟು. ಅಂಥದ್ದೂ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಟ್ಯೂಬಿನ ಹಿಂದೆ ಓದಿ ಕೇಳಬೇಕು. ಬೆಲೆ ಸ್ವಲ್ಪ ಜಾಸ್ತಿ. ರಾತ್ರಿಯೇ ಯಾಕೆ ಅಂದರೆ, ನಿದ್ದೆಯಲ್ಲಿ ಎಂಜಲು ಕಡಿಮೆಯಾಗುತ್ತದೆ, ಆ ಹೊತ್ತಿಗೆ ಹಲ್ಲಿಗೆ ಕಾವಲು ಬೇಕು. ಉಜ್ಜಿದ ಮೇಲೆ ಉಗುಳಿ ಸುಮ್ಮನಿರಬೇಕು, ಬಕೆಟ್ಟು ನೀರಲ್ಲಿ ಮುಕ್ಕಳಿಸಬಾರದು. ಹಾಗೆ ಮುಕ್ಕಳಿಸಿದರೆ ಫ್ಲೋರೈಡ್ ಎಲ್ಲ ತೊಳೆದು ಹೋಗುತ್ತದೆ. ಅಮ್ಮನಿಗೆ ಈ ಮುಕ್ಕಳಿಸದೆ ಮಲಗುವುದು ಇನ್ನೂ ಒಗ್ಗಿಲ್ಲ. "ಎಂಜಲು ಬಾಯಲ್ಲಿ ದೇವರ ಹೆಸರು ಹೇಗೋ ಹೇಳಲಿ" ಅನ್ನುತ್ತಾರೆ. ಹಾಗಾಗಿ ಅವರು ಮೊದಲು ದೇವರಿಗೆ ಕೈ ಮುಗಿದು, ಆಮೇಲೆ ಹಲ್ಲುಜ್ಜಿ ಮಲಗುತ್ತಾರೆ.

ಪುಡಿಯ ಖರ್ಚು ಕೇಳುವವರಿಗೆ: 330 ಗ್ರಾಂಗೆ ನನಗೆ ಬಿದ್ದಿದ್ದು ಹತ್ತಿರ ಹತ್ತಿರ 115 ರೂಪಾಯಿ. ಒಬ್ಬರಿಗೆ ಒಂದು ಹೊತ್ತಿಗೆ ಒಂದು ಗ್ರಾಂ ಸಾಕು. ಮೂರು ಜನಕ್ಕೆ ಬೆಳಗ್ಗೆ ಮಾತ್ರ ಅಂದರೆ ಮೂರೂವರೆ ತಿಂಗಳು ಬರುತ್ತದೆ. ಆದರೆ ದುಡ್ಡು ಉಳಿಸುವುದಕ್ಕೆ ಅಂತ ಇದನ್ನು ಮಾಡಬೇಡಿ. ಸೋಸುವುದು, ಕುಟ್ಟುವುದು, ಮಂಡಿಪೇಟೆ ಸುತ್ತುವುದು ಸೇರಿ ವಾರದ ಒಂದು ರಜೆ ದಿನ ಪೂರ್ತಿ ಹೋಗುತ್ತದೆ. ಬಾಯಿಹುಣ್ಣು ಇರುವವರಿಗೆ, ನೊರೆ ಆಗದವರಿಗೆ, ಹಾಲ್ಟ್ ಮಾಡುವ ನನ್ನಂಥವರಿಗೆ ಇದು ಚೆನ್ನಾಗಿದೆ. ಡಬ್ಬಿ ಸೋರುವುದಿಲ್ಲ, ಬಿಸಿಲಿಗೆ ಕರಗುವುದಿಲ್ಲ, ಚಳಿಗೆ ಗಟ್ಟಿಯಾಗುವುದಿಲ್ಲ. ಹುಳುಕು ಹಲ್ಲು ಇರುವವರು, ವಸಡು ಇಳಿದು ಬೇರು ಕಾಣುವವರು ಡಾಕ್ಟರಿಗೆ ತೋರಿಸದೆ ಪುಡಿ ಹಿಡಿಯಬೇಡಿ. ಬೇರಿನ ಭಾಗ ಎನಾಮಲ್‌ಗಿಂತ ಬಹಳ ಮೆತ್ತಗೆ, ಬೇಗ ಸವೆಯುತ್ತದೆ. ಅಮ್ಮ ಬುಡ ಸವೆದ ಹಲ್ಲುಗಳಿಗೆ ಬ್ರಶ್ಶು ಬಿಟ್ಟು ಬೆರಳಲ್ಲೇ ಮೆಲ್ಲಗೆ ಹಚ್ಚಿಕೊಳ್ಳುತ್ತಾರೆ.

ಮಕ್ಕಳಿಗೆ ಮಾತ್ರ ಇದೊಂದನ್ನೇ ಕೊಟ್ಟು ಕೂರಬೇಡಿ. ಮೂರು ವರ್ಷದ ಒಳಗಿನವರಿಗೆ ಅಕ್ಕಿ ಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಫ್ಲೋರೈಡ್ ಪೇಸ್ಟು. ದೊಡ್ಡವರು ಪಕ್ಕದಲ್ಲಿ ನಿಂತು ಉಗುಳಿಸಿ.

ಹೋದ ವಾರ ನಮ್ಮ ಡ್ರೈವರಣ್ಣ ತಮಗೂ ಒಂದು ಡಬ್ಬಿ ಮಾಡಿಕೊಡು ಅಂದರು. ಅವರಿಗೆ ಲವಂಗ ಸ್ವಲ್ಪ ಜಾಸ್ತಿ ಬೇಕಂತೆ. ಭಾನುವಾರ ರಜೆ ಇದೆ, ಮಂಡಿಪೇಟೆಗೆ ಹೋಗಬೇಕು. ಅಕ್ಕನೂ ಕೇಳಿದ್ದಾಳೆ. ಅವಳಿಗೆ ಪುಡಿ ಬೇಡ ಅಂದೆ. ಆ ಪಟ್ಟೆ ಪುಡಿಗೆ ಹೋಗುವುದಿಲ್ಲ, ತಿಕ್ಕಿ ತಿಕ್ಕಿ ಇರುವ ಹಲ್ಲೂ ಸವೆಯುತ್ತದೆ. ಕಂದು ಪಟ್ಟೆಯ ಮೇಲೆ ಹಲ್ಲಿನ ಬಣ್ಣದ ಪದರ ಕೂರಿಸಬಹುದು ಅಂತ ಡಾಕ್ಟರಮ್ಮ ಹೇಳಿದ್ದಾರೆ. ಸಂಕ್ರಾಂತಿ ಕಳೆದ ಮೇಲೆ ಅಕ್ಕನನ್ನು ತುಮಕೂರಿಗೆ ಕರೆದುಕೊಂಡು ಬರುತ್ತೇನೆ. ನಮ್ಮ ಬಸ್ಸಿನಲ್ಲೇ, ಕಿಟಕಿ ಪಕ್ಕದ ಸೀಟು ಹಿಡಿದಿಟ್ಟು.